ಅತ್ತೆ ಕೇಳಿಸಿಕೊಂಡ ವೈವಾ

ಲಾಕ್‌ಡೌನ್ ಶುರುವಾದಾಗ ಮಸ್ಕಿಯ ನಮ್ಮ ಮನೆಯಲ್ಲಿ ಇಬ್ಬರು ಸಿಕ್ಕಿಬಿದ್ದೆವು. ಎಂ.ಎ. ಕೊನೆಯ ಸೆಮಿಸ್ಟರಿನ ನಡುವೆ ಹಾಸ್ಟೆಲ್ ಖಾಲಿ ಮಾಡಿ ಬಂದ ನಾನು ಒಬ್ಬಳು. ಹಪ್ಪಳ ಕೊಟ್ಟುಹೋಗಲು ಸಿಂಧನೂರಿನಿಂದ ಬಂದು, ಬಸ್ಸು ನಿಂತು, ಇಲ್ಲೇ ಉಳಿದ ನನ್ನ ಸೋದರತ್ತೆ ಇನ್ನೊಬ್ಬರು. ನನಗೆ ಓದಲು ಪುಸ್ತಕಗಳಿದ್ದವು. ಅತ್ತೆಗೆ ಓದಲು ನಾನಿದ್ದೆ.

ಅತ್ತೆ ಅಪ್ಪನಿಗೆ ಅಕ್ಕ. ನಮ್ಮ ಮನೆಯಲ್ಲಿ ಕೊನೆಯ ಮಾತು ಅವರದೇ. “ಎಂ.ಎ. ಮುಗೀಲಿ, ಮುಂದಿಂದು ನಾ ನೋಡ್ಕೋತೀನಿ” ಎಂದು ಅವರು ಮೊದಲೇ ಹೇಳಿದ್ದರು, ಅಪ್ಪ ತಲೆಯಾಡಿಸಿದ್ದರು. ನನಗೆ ಪಿಎಚ್‌.ಡಿ. ಮಾಡುವ ಆಸೆಯಿತ್ತು. ಅದನ್ನು ವಿಭಾಗದ ಮೇಡಂ ಒಬ್ಬರಿಗೆ ಮಾತ್ರ ಹೇಳಿದ್ದೆ.

ಗೇಟಿಗೆ ಬೀಗ ಬಿದ್ದರೂ ನಮ್ಮ ವಿಶ್ವವಿದ್ಯಾಲಯ ಮುಚ್ಚಲಿಲ್ಲ. ಅದು ಮೇಡಂ ಅವರ ಅಡುಗೆಮನೆಗೆ ವರ್ಗವಾಯಿತು. ಕುಕ್ಕರಿನ ಸೀಟಿಗಳ ನಡುವೆ ಅವರು ಒಬ್ಬೊಬ್ಬ ವಿದ್ಯಾರ್ಥಿಗೂ ಫೋನ್ ಮಾಡುತ್ತಿದ್ದರು. ಊಟ ಆಯಿತೇ, ಮನೆಯಲ್ಲಿ ಎಲ್ಲರೂ ಆರಾಮೇ, ನಾಲ್ಕನೇ ಅಧ್ಯಾಯ ಎಲ್ಲಿ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯ ಊಟದಲ್ಲಿ ಜೋಳ ಹಿಂದೆ ಸರಿದು ಅನ್ನ ಮುಂದೆ ಬಂದದ್ದು ನನ್ನ ಪ್ರಬಂಧದ ವಿಷಯ. ಟೈಪಿಂಗ್ ಅಂಗಡಿಗಳು ಮುಚ್ಚಿದ್ದರಿಂದ ಕೈಯಲ್ಲೇ ಬರೆದು, ಪುಟಪುಟದ ಫೋಟೊ ತೆಗೆದು ಕಳಿಸಿದೆ.

“ಛಲೋ ಬರದೀದಿ,” ಎಂದರು ಮೇಡಂ. “ಆದ್ರ ಮೂರನೇ ಅಧ್ಯಾಯದಾಗ ಅರ್ಧ ನಿನ್ನ ಹೆಬ್ಬೆಟ್ಟೇ ಅದ. ಅದನ್ನ ತಗದು ಇನ್ನೊಮ್ಮೆ ಕಳಸು.”

ಉಳಿದದ್ದು ವೈವಾ, ಅಂದರೆ ಪರೀಕ್ಷಕರ ಎದುರು ಕೂತು ಉತ್ತರಿಸುವ ಮೌಖಿಕ ಪರೀಕ್ಷೆ. ಅದು ಮೊಬೈಲಿನಲ್ಲೇ ನಡೆಯುವುದೆಂದು ತಿಳಿಸಲು ಮೇಡಂ ಅಪ್ಪನ ನಂಬರಿಗೆ ಫೋನ್ ಮಾಡಿದಾಗ ಅದನ್ನು ಎತ್ತಿದವರು ಅತ್ತೆ. ನೆಟ್‌ವರ್ಕ್ ತುಂಡು ತುಂಡಾಗಿ ಬರುತ್ತಿತ್ತು. ಅತ್ತೆಗೆ ದಕ್ಕಿದ ತುಂಡುಗಳು ಇಷ್ಟು: ವಿವಾ... ಸೋಮವಾರ... ಹೊರಗಿನವರು ನೋಡ್ತಾರ... ಹುಡುಗಿ ಮಾರಿ ಬೆಳಕಿಗಿರಬೇಕು.

ಉಳಿದದ್ದನ್ನು ಅವರೇ ಜೋಡಿಸಿಕೊಂಡರು. “ತಮ್ಮಾ, ಯುನಿವರ್ಸಿಟಿಯೋರು ಸಂಬಂಧ ತಂದಾರ! ವಿವಾಹ ಅಂದ್ರು. ಸೋಮವಾರ ಮೊಬೈಲ್‌ನಾಗ ಹುಡುಗಿನ ನೋಡ್ತಾರಂತ.”

“ಅತ್ತೀ, ಅದು ವೈವಾರೀ,” ಎಂದೆ.

“ನಾನೂ ಅದನ್ನ ಹೇಳಾಕತ್ತೀನಿ. ನೀವು ಕಲತೋರು ವೈವಾ ಅಂತೀರಿ, ನಾವು ಮದಿವಿ ಅಂತೀವಿ.”

ಲಿಂಗಸುಗೂರಿನ ನೆಂಟರಿಗೂ ಫೋನ್ ಹೋಯಿತು. ಅಪ್ಪನಿಗೆ ನಿಜ ಗೊತ್ತಿತ್ತು, ಆದರೆ ಅಕ್ಕನನ್ನು ತಿದ್ದುವ ಧೈರ್ಯವಿರಲಿಲ್ಲ. ಸಂಜೆ ನನ್ನ ಬಳಿ ಬಂದು, “ನೀನ ಇನ್ನೊಮ್ಮೆ ಹೇಳಬೇ,” ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಅತ್ತೆಯ ಹುಕುಂ ಹೊರಟಾಗಿತ್ತು. ಸೋಮವಾರ ಟಿವಿ ಬಂದ್, ಮಿಕ್ಸಿ ಬಂದ್, ನೆಟ್‌ವರ್ಕ್ ಸಿಗುವ ಪಡಸಾಲೆಯ ಕಿಟಕಿ ನನಗೊಬ್ಬಳಿಗೇ. ಪರೀಕ್ಷೆ ಎಂದು ಕೇಳಿದ್ದರೆ ಇವುಗಳಲ್ಲಿ ಒಂದೂ ಸಿಗುತ್ತಿರಲಿಲ್ಲ.

“ಮುಗೀಲಿ ತಡೀರಿ ಅಪ್ಪಾ,” ಎಂದೆ.

ಸೋಮವಾರ ನನಗೆ ಇಳಕಲ್ ಸೀರೆ ಉಡಿಸಿದರು. ಮೊಬೈಲಿನ ಮುಂದೆ ಒಂದು ತಟ್ಟೆ ಅವಲಕ್ಕಿ ಚೂಡಾ, ಒಂದು ಕಪ್ ಚಹಾ ಇಟ್ಟು ಅತ್ತೆ ಬಾಗಿಲ ಹಿಂದೆ ನಿಂತರು. ಪರದೆಯ ಮೇಲೆ ಮೇಡಂ ಮತ್ತು ಬೇರೆ ಜಿಲ್ಲೆಯ ಹಿರಿಯ ಪರೀಕ್ಷಕರು ಕಾಣಿಸಿಕೊಂಡರು. ಮನೆಗಳಲ್ಲಿ ದಿನವೂ ರೊಟ್ಟಿ ಬಡಿಯುವುದು ಏಕೆ ಕಡಿಮೆಯಾಯಿತು ಎಂದು ಪರೀಕ್ಷಕರು ಕೇಳಿದರು.

ಬಾಗಿಲ ಹಿಂದಿನಿಂದ ಪಿಸುಮಾತು ಬಂತು: “ರೊಟ್ಟಿ ಬಡಿಯಾಕ ಬರ್ತೈತೇನು ಅಂತ ಕೇಳಾಕತ್ತಾರ. ಬರ್ತೈತಿ ಅನ್ನಬೇ!”

ನಾನು ಕಾಲುವೆಯ ಬಗ್ಗೆ ಉತ್ತರಿಸುತ್ತಿದ್ದಾಗ ಪರೀಕ್ಷಕರು ಬಾಯಿ ತೆರೆದ ಹಾಗೇ ಪರದೆಯಲ್ಲಿ ಹೆಪ್ಪುಗಟ್ಟಿದರು. ನನ್ನ ಮೊಬೈಲಿನ ನೆಟ್‌ವರ್ಕ್ ಹೋಗಿತ್ತು. ವೈವಾ ಅರ್ಧಕ್ಕೆ ನಿಂತರೆ ಪದವಿಯೂ ಅರ್ಧಕ್ಕೇ. ಆಗ ಅಪ್ಪನ ಹಳೆಯ ಫೋನು ಹೊಡೆದುಕೊಂಡಿತು.

“ಅಂಜಬ್ಯಾಡ,” ಮೇಡಂ ದನಿ. “ನಡುದಾರ್ಯಾಗ ಯಾರನ್ನೂ ಬಿಡಂಗಿಲ್ಲ ನಾವು. ಸರ್ ಇನ್ನೊಂದು ಫೋನಿನ್ಯಾಗ ಅದಾರ. ಎರಡೂ ಫೋನ್ ಮಾರಿಗೆ ಮಾರಿ ಹಚ್ಚಿ ಹಿಡದೀನಿ, ಸ್ಪೀಕರ್ ಹಾಕು.”

ಹಾಕಿದೆ. ಹಾಗಾಗಿ ಕೊನೆಯ ಪ್ರಶ್ನೆ ಇಡೀ ಮನೆಗೆ ಕೇಳಿಸಿತು. “ಮುಂದೆ ಏನು ಮಾಡಬೇಕು ಅಂತಿದ್ದೀರಿ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಾಗಿಲ ಹಿಂದೆ ಮನೆಯವರೆಲ್ಲ ಇದ್ದರು. ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಬಂದರು.

“ಮುಂದಿಂದು ನಿಮ್ಮ ಮರ್ಜಿರೀ.”

“ನೀವು ಯಾರು?” ಎಂದರು ಪರೀಕ್ಷಕರು.

“ಹುಡುಗಿ ಸೋದರತ್ತಿರೀ. ಮನ್ಯಾಗ ನಾನ ಹಿರೇಕಿ.”

ಮೇಡಂ ನಡುವೆ ಬಾಯಿ ಹಾಕಿದರು. “ಹುಡುಗಿನ ಪಿಎಚ್‌.ಡಿ. ಓದಸಬೇಕಂತೀವ್ರೀ ನಾವು. ನಿಮ್ಮದೇನರ ತಕರಾರು ಅದ ಏನ್ರಿ?”

“ನಿಮ್ಮ ಮನಿ ಸೇರಿದ ಮ್ಯಾಲ ನೀವು ಏನರ ಓದಸ್ರಿ. ನಮ್ದೇನೂ ತಕರಾರಿಲ್ಲ. ಮಾತು ಕೊಟ್ಟೀನಿ.”

“ನಮ್ಮ ಮನೆಯೇ?” ಪರೀಕ್ಷಕರು ಗಾಬರಿಯಾದರು.

“ವಿಭಾಗ ಅಂದ್ರ ಮನಿನ ಅಲ್ರೀ ಸರ್,” ಎಂದು ಮೇಡಂ ಮುಗಿಸಿದರು.

ಪರೀಕ್ಷಕರು ಉತ್ತರಗಳು ಹಿಡಿಸಿದವೆಂದು ಹೇಳಿ ಶುಭ ಹಾರೈಸಿದರು. ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ತಮ್ಮ ಬಾಯಿಯ ಸಕ್ಕರೆ ಕರಗಿದ ಮೇಲೆ ಅಪ್ಪ ನಿಜ ಹೇಳಿದರು.

ಅತ್ತೆ ಸಕ್ಕರೆ ಡಬ್ಬಿ ಮುಚ್ಚಿಟ್ಟು ಊಟಕ್ಕೆ ಬಡಿಸಿದರು. ಆಮೇಲೆ, “ಹಂಗಾರ ಹುಡುಗ ಇಲ್ಲ?” ಎಂದು ಕೇಳಿದರು.

“ಇಲ್ಲಕ್ಕ.”

“ಮತ್ತ ನಾ ಕೊಟ್ಟ ಮಾತು?”

“ಅದು ಐತಲ್ಲ,” ಎಂದರು ಅಪ್ಪ, ತಟ್ಟೆಯಿಂದ ಕಣ್ಣೆತ್ತದೆ. “ಹಿರೇರ ಮುಂದ ಕೊಟ್ಟೀದಿ.”

ಅತ್ತೆ ನನ್ನತ್ತ ತಿರುಗಿದರು. “ನಿನಗ ಬೇಕಾಗಿದ್ದು ಇದ ಏನು?”

“ಹ್ಞೂಂರೀ ಅತ್ತಿ.” ಮನೆಯಲ್ಲಿ ಅದನ್ನು ನಾನು ಹೇಳಿದ್ದು ಅದೇ ಮೊದಲು.

“ಬಾಯಿಲ್ಲದಾಕಿ ಅಂದ್ಕೊಂಡಿದ್ದೆ. ಹೊಟ್ಟ್ಯಾಗ ಎಷ್ಟ್ ಇಟ್ಕೊಂಡಿದ್ದಿ!” ಅವರು ಇನ್ನೊಂದು ರೊಟ್ಟಿ ಮುರಿದರು. “ಓದು. ಮಾತು ತಪ್ಪೋ ಮಂದಿ ಅಲ್ಲ ನಾವು.”

ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಅತ್ತೆಯನ್ನು ಸಿಂಧನೂರಿನ ಬಸ್ಸು ಹತ್ತಿಸಲು ಹೋದೆ. ಪಕ್ಕದ ಸೀಟಿನ ಪರಿಚಯದ ಹೆಂಗಸು ಮಾಸ್ಕ್ ಕೆಳಗಿಳಿಸಿ ಕೇಳಿದರು: “ಹುಡುಗಿದು ಗೊತ್ತಾತಂತಲ್ರೀ. ಎಲ್ಲಿಗೆ ಕೊಟ್ರಿ?”

“ಯುನಿವರ್ಸಿಟಿಗೆ,” ಎಂದರು ಅತ್ತೆ. “ಭಾಳ ಛಲೋ ಮಂದಿ. ಒಂದು ತೊಲಿ ಬಂಗಾರ ಸೈತ ಕೇಳ್ಲಿಲ್ಲ.”