ಅಪ್ಪನ ಪೂಜೆ, ಖಾಡಿಯ ಪರೀಕ್ಷೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ಕೊಲ್ಹಾಪುರದ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಘಟ್ಟದ ಕೆಳಗೆ ಸಮುದ್ರದ ನೀರು ಊರಿನ ತನಕ ನುಗ್ಗಿ ಬರುವ ಒಂದು ಖಾಡಿಯಿತ್ತು. ಅದು ಆರೋಗ್ಯವಾಗಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. "ಒಂದೇ ಪರೀಕ್ಷೆ ನಂಬಬೇಡ. ನೀರೊಳಗಿನ ಆಮ್ಲಜನಕ, ನೀರಿನ ತಿಳಿ, ಕೆಸರಿನ ಹುಳುಗಳು, ಮೂರನ್ನೂ ಕೂಡಿಸಿ ಒಂದು ತೀರ್ಪು ಕೊಡು" ಎಂದಿದ್ದರು ಸರ್.

ಮದುವೆಯಾಗದ ಹುಡುಗಿ ಒಬ್ಬಳೇ ದೋಣಿ ಹತ್ತುವುದು ಇಚಲಕರಂಜಿಯ ನಮ್ಮ ಮನೆಯಲ್ಲಿ ಯಾರಿಗೂ ಒಪ್ಪಿಗೆಯಿರಲಿಲ್ಲ. ಕೊನೆಗೆ ಅಪ್ಪ ಊರಿಗೆ ಹತ್ತಿದ ಶಹಾಪುರದ ಮಗ್ಗದ ಶೆಡ್ಡನ್ನು ಕಾಕಾನ ಕೈಗೆ ಒಪ್ಪಿಸಿ ನನ್ನ ಜೊತೆ ಹೊರಟ. ನಾವು ಜೈನರು, ಅದರಲ್ಲೂ ಅಪ್ಪ ಭಾಳ ಕಟ್ಟುನಿಟ್ಟು. ಸೋಸದ ನೀರು ಕುಡಿದವನಲ್ಲ, ಹೊತ್ತು ಮುಳುಗಿದ ಮೇಲೆ ಉಂಡವನಲ್ಲ, ನಮ್ಮೂರ ಪಂಚಗಂಗೆ ಹೊಳೆಗಿಂತ ದೊಡ್ಡ ನೀರು ಕಂಡವನೂ ಅಲ್ಲ. ಹಾಲಿನಲ್ಲಿ ನಾದಿದ ದಶಮಿ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಎಸ್‌ಟಿ ಬಸ್ಸಿನಿಂದ ಇಳಿದವನೇ, ಒಣಮೀನಿನ ವಾಸನೆಗೆ ಟವೆಲ್ಲಿನಿಂದ ಮೂಗು ಮುಚ್ಚಿದ. ಊರು ಬಿಡುವ ತನಕ ತೆಗೆಯಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ದೋಣಿಯವನು ಬಂದು ನಿಂತ. ಅಪ್ಪನ ಸ್ನಾನ ಆಗಿರಲಿಲ್ಲ. ಸ್ನಾನವಾಯಿತು, ಪೂಜೆ ಶುರುವಾಯಿತು, ಪೂಜೆ ಮುಗಿದರೆ ಜಪ, ಜಪ ಮುಗಿದರೆ ನಾಷ್ಟಾ. ದೋಣಿಯವನು ಎರಡು ಸಲ ಮನೆಗೆ ಹೋಗಿ ಬಂದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾವು ನೀರಿಗೆ ಇಳಿದೆವು.

ಮೊದಲು ಬಿಳಿ ತಟ್ಟೆ. ಅದನ್ನು ಹಗ್ಗಕ್ಕೆ ಕಟ್ಟಿ ಇಳಿಸಬೇಕು. ಎಷ್ಟು ಆಳಕ್ಕೆ ಕಾಣದಾಗುತ್ತದೋ ಅಷ್ಟು ನೀರಿನ ತಿಳಿ.

"ಕಾಣದಂಗ ಆತು," ಅಂದೆ ನಾನು.

"ಇನ್ನೂ ಕಾಣಾಕತ್ತೈತಿ," ಅಂದ ಅಪ್ಪ. ಮಗ್ಗದಲ್ಲಿ ಹರಿದ ಎಳೆ ಹುಡುಕಿ ಹುಡುಕಿ ಅವನ ಕಣ್ಣು ಹರಿತ. ನನ್ನದು ದಪ್ಪ ಕನ್ನಡಕ. ವಾದ ಮುಗಿಯುವ ಲಕ್ಷಣ ಕಾಣದೆ, ದೋಣಿಯವನೇ ಮಧ್ಯದಲ್ಲಿ ಎಲ್ಲೋ ಹಗ್ಗ ಹಿಡಿದು, "ಬಾಯೀ, ಇಥಂ ಲಿಹಾ," ಅಕ್ಕಾ, ಇಲ್ಲೇ ಬರೆದುಬಿಡಿ ಎಂದು ಮರಾಠಿಯಲ್ಲಿ ಹೇಳಿದ. ಬರೆದೆ.

ಆಮೇಲೆ ನೀರನ್ನು ಬಾಟಲಿಗೆ ತುಂಬಿ ಔಷಧ ಹಾಕಿದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಅದು ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. ಖಾಡಿ ಸಮುದ್ರಕ್ಕೆ ತೆರೆಯುವ ಬಾಯಲ್ಲೂ, ಊರ ಗಟಾರದ ಬಾಯಲ್ಲೂ ಚಹಾದಂಥ ಬಣ್ಣ ಬಂತು. ಖಾಡಿ ಗಟ್ಟಿಮುಟ್ಟಾಗಿದೆ ಅಂದುಕೊಂಡೆ.

ಕಷ್ಟ ಬಂದದ್ದು ಹುಳುಗಳಿಂದ. ಕೆಸರು ಎತ್ತಿ ಜರಡಿ ಹಿಡಿದು, ಇನ್ನೊಂದು ಔಷಧದ ಬಾಟಲಿಯ ಮುಚ್ಚಳ ತೆಗೆದೆ. ಅಪ್ಪ ನನ್ನ ಕೈ ಹಿಡಿದ.

"ಇದನ್ನ ಹಾಕಿದ್ರ ಏನ ಆಗ್ತಾವ?"

"ಸಾಯ್ತಾವಪ್ಪಾ. ಮನಿಗೆ ಒಯ್ದು ಎಣಿಸಬೇಕು."

"ಇಲ್ಲೇ ಎಣಸು. ಜೀವಂತ ಎಣಸು. ಎಣಿಸಿ ಅವರ ಮನಿಗೆ ಅವರನ್ನ ಕಳಿಸು."

ಬಿಳಿ ತಟ್ಟೆಯ ಮೇಲೆ ಹುಳುಗಳನ್ನು ಬಿಟ್ಟುಕೊಂಡು ಕುಳಿತೆ. ಅವು ಎಣಿಸಿಕೊಳ್ಳಲು ಒಪ್ಪುವವಲ್ಲ. ಎಣಿಸಿದ್ದು ಎಣಿಸದಿದ್ದರ ಅಡಿ ಸೇರುತ್ತಿತ್ತು. ಅಪ್ಪ ಅವುಗಳ ಮೇಲೆ ಕೊಡೆ ಹಿಡಿದು, ಒಣಗದಂತೆ ನೀರು ಚಿಮುಕಿಸುತ್ತ, ನಡುವೆ "ಆ ಕೆಂಪಂದು ಎರಡ ಸಲ ಬಂತು" ಎಂದು ನನ್ನ ಲೆಕ್ಕ ಕೆಡಿಸುತ್ತಿದ್ದ. ಆದರೂ ಒಂದು ಮಾತು ಸ್ಪಷ್ಟವಾಯಿತು. ಸಮುದ್ರದ ಬಾಯಲ್ಲಿ ಬಗೆಬಗೆಯ ಹುಳುಗಳಿದ್ದವು. ಊರ ಗಟಾರ ಬಂದು ಸೇರುವಲ್ಲಿ ಕೆಂಪು ನೂಲಿನಂಥ ಒಂದೇ ಜಾತಿ, ಅದೂ ರಾಶಿರಾಶಿ. ಬೇರೆ ಹುಳು ಬದುಕದ ಹೊಲಸಿನಲ್ಲಿ ಬೆಳೆಯುವಂಥದ್ದು ಅದು. ಒಂದೊಂದನ್ನೂ ಅಪ್ಪ ಚಮಚದಿಂದ ನೀರಿಗೆ ಬಿಟ್ಟ.

ಕೊಲ್ಹಾಪುರದಲ್ಲಿ ಸರ್ ಮೊದಲು ಕೇಳಿದ್ದು, "ಹುಳುಗಳೆಲ್ಲಿ?"

"ಬಿಟ್ಟು ಬಂದೆ ಸರ್."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಮೂರೂ ಪರೀಕ್ಷೆಗಳಿಗೆ ಅಂಕ ಕೊಟ್ಟು, ಕೂಡಿಸಿ ಸರಾಸರಿ ತೆಗೆದಿದ್ದೆ. ಗಟಾರದ ಬಾಯಿಗೂ 'ಮಧ್ಯಮ' ಎಂದು ಬಂದಿತ್ತು. ಸರ್ ಅದರ ಮೇಲೆ ಬೆರಳಿಟ್ಟರು.

"ಹುಳು ಒಂದು ಹೇಳ್ತವೆ, ಆಮ್ಲಜನಕ ಇನ್ನೊಂದು ಹೇಳ್ತದೆ. ನೀನು ಇಬ್ಬರನ್ನೂ ರಾಜಿ ಮಾಡಿಸಿದ್ದೀ. ಜಗಳ ಯಾಕೆ ಅಂತ ಕೇಳಲಿಲ್ಲ. ನೀರು ಎಷ್ಟು ಹೊತ್ತಿಗೆ ತುಂಬಿದೆ?"

"ಮಧ್ಯಾಹ್ನದ ಹೊತ್ತಿಗೆ ಸರ್."

"ಬೆಳಿಗ್ಗೆ ಯಾಕಿಲ್ಲ?"

"ತಂದೆಯವರ ಪೂಜೆ ಇತ್ತು."

ಸರ್ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿಲಿನಲ್ಲಿ ನೀರಿನ ಪಾಚಿ ಆಮ್ಲಜನಕ ತಯಾರಿಸುತ್ತದೆ, ರಾತ್ರಿಯೆಲ್ಲ ಅದು ಖರ್ಚಾಗಿ ನಸುಕಿಗೆ ತೀರ ಕಡಿಮೆಯಿರುತ್ತದೆ. ಇದನ್ನು ನಾನು ಗಡಹಿಂಗ್ಲಜದಲ್ಲಿ ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತಿದ್ದೆ. ಅಪ್ಪನ ಜಪ ಮುಗಿಯಲೆಂದು ಕಾಯುವ ಭರದಲ್ಲಿ ಮರೆತಿದ್ದೆ.

ಮತ್ತೆ ಹೋಗಬೇಕಾಯಿತು. ನಾನು ಹೆದರಿ ಹೆದರಿ ಕಾರಣ ಹೇಳಿದೆ.

"ನನ್ನ ಪೂಜೆಯಿಂದ ನಿನ್ನ ಲೆಕ್ಕ ತಪ್ಪಿತೇನು?"

"ಹೊತ್ತಿನಿಂದ, ಅಪ್ಪಾ."

"ಹಂಗಾದ್ರ ನಸುಕಿನಾಗ ಏಳ್ತೀನಿ."

ಎದ್ದ. ತಣ್ಣೀರು ಸ್ನಾನ ಮಾಡಿ ನಡುಗುತ್ತ ಜಪ ಮುಗಿಸಿ, ದೋಣಿಯವನ ಬಾಗಿಲನ್ನು ತಾನೇ ಹೋಗಿ ಬಡಿದ. ಗಟಾರದ ಬಾಯಿಯ ನೀರಿಗೆ ಔಷಧ ಹಾಕಿದಾಗ ಬಾಟಲಿ ಬೆಳ್ಳಗೇ ಉಳಿಯಿತು.

"ಚಹಾ ಆಗಲಿಲ್ಲಲ್ಲ," ಅಂದ ಅಪ್ಪ. ದನಿಯಲ್ಲಿ ಬೇಸರವಿತ್ತು.

ಕೊನೆಗೆ ಸರ್ ಮತ್ತು ನಾನು ಸರಾಸರಿಯನ್ನು ಕೈಬಿಟ್ಟೆವು. ಮೂರರಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದು ಹೇಳುತ್ತದೋ ಅದೇ ಆ ಜಾಗದ ತೀರ್ಪು ಎಂದು ಬರೆದೆ. ಗಟಾರದ ಬಾಯಿ 'ಕೆಟ್ಟಿದೆ' ಎಂದಾಯಿತು, ಸಮುದ್ರದ ಬಾಯಿ 'ಚೆನ್ನಾಗಿದೆ' ಎಂದು ಉಳಿಯಿತು.

ನನಗೆ ಪಿಎಚ್‌ಡಿ ಪದವಿ ಬಂದಾಗ ಅಪ್ಪ ಶಹಾಪುರದಲ್ಲಿ ಪೇಢೆ ಹಂಚಿದ. "ಮಗಳು ಸಮುದ್ರದ ಡಾಕ್ಟರ್ ಆಗ್ಯಾಳ" ಎಂದು ಹೇಳುತ್ತ ಹೋದ. ಪಕ್ಕದ ಶೆಡ್ಡಿನ ಮಾವ ಮೆಲ್ಲಗೆ ನನ್ನ ಹತ್ತಿರ ಬಂದು ಧೋತರ ಎತ್ತಿ ತಮ್ಮ ನೋಯುವ ಮೊಣಕಾಲು ತೋರಿಸಿದರು.