ನಮಗಿಂತ ಮೊದಲೇ ಬಂದು ಹೋದವರು

ಈ ಅನುಭವಕ್ಕೆ ನಾನು ತೆತ್ತದ್ದು ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಅಡುಗೆಮನೆಯ ಪೂರ್ತಿ ಸ್ಟೀಲ್ ಕೆಲಸ. ಟೇಬಲ್ಲು, ಸಿಂಕು, ಹೊಗೆ ಹೋಗುವ ಚಿಮಣಿ ಎಲ್ಲ ಸೇರಿ ಆ ಕಾಲಕ್ಕೆ ಮೂರೂವರೆ ಲಕ್ಷದ ಆರ್ಡರು. ಎರಡು ತಿಂಗಳು ಓಡಾಡಿ, ರೇಟಿನಲ್ಲಿ ಎಳೆದಾಡಿ, ಇನ್ನೇನು ನನ್ನದೇ ಎನ್ನುವ ಹಂತಕ್ಕೆ ತಂದಿದ್ದೆ. ಯಾಕೆ ಕೈತಪ್ಪಿತು ಎಂದು ಕೇಳಿದವರಿಗೆಲ್ಲ ರೇಟು ಕುದುರಲಿಲ್ಲ ಎನ್ನುತ್ತ ಬಂದಿದ್ದೇನೆ. ಅದು ಸುಳ್ಳು. ನಿಜ ಹೇಳಿದರೆ ನಂಬುವವರು ಯಾರು? ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಅಳತೆ ಟೇಪಿಗೆ ಸಿಗದ ಯಾವುದನ್ನೂ ನಾನು ಲೆಕ್ಕಕ್ಕೆ ಇಟ್ಟುಕೊಂಡವನಲ್ಲ.

ಬೊಮ್ಮಸಂದ್ರದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಹೊಸೂರು ರಸ್ತೆಯ ಮೇಲ್ಸೇತುವೆ ಆಗಿನ್ನೂ ಹೊಸದು. ಸುತ್ತಲಿನ ಐದು ಬಾರುಗಳ ಸ್ಟೀಲ್ ಕೌಂಟರುಗಳನ್ನು ಮಾಡಿಕೊಟ್ಟವನು ನಾನೇ. ಆಯುಧಪೂಜೆಯ ದಿನ ನಮ್ಮ ಶೆಡ್ಡಿನ ಪೂಜೆ ಮುಗಿಸಿ, ಮಧ್ಯಾಹ್ನದ ಮೇಲೆ ಕೆಲಸಗಾರರನ್ನು ಕರೆದುಕೊಂಡು ಆ ಐದೂ ಕಡೆ ನಡೆದುಕೊಂಡೇ ಒಂದು ಸುತ್ತು ಹಾಕುವುದು ನಾನು ಹುಟ್ಟುಹಾಕಿದ ಪದ್ಧತಿ. ನಾವು ಮಾಡಿದ ಕೌಂಟರಿಗೆ ನಾವೇ ಕುಂಕುಮ ಇಡಬೇಕು, ಮಾಲೀಕರು ಪುರಿ, ಸ್ವೀಟು ಕೊಟ್ಟು ಒಂದೊಂದು ಗ್ಲಾಸು ಕುಡಿಸಬೇಕು. ಭಕ್ತಿಗಿಂತ ವ್ಯಾಪಾರ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ. ಮಾಡಿಕೊಟ್ಟ ಮೇಲೆ ಮುಖ ತೋರಿಸದವನಿಗೆ ಮುಂದಿನ ಆರ್ಡರು ಬರುವುದಿಲ್ಲ.

ಆ ವರ್ಷ ನನ್ನ ಜೊತೆ ಇದ್ದವರು ಮೂವರು. ಫಿಟ್ಟರ್ ಮುನಿರಾಜು ಆನೇಕಲ್ಲಿನವನು. ಪಾಲಿಶ್ ಮಾಡುವ ಸೆಲ್ವಂ ಹೊಸೂರಿನವನು. ವೆಲ್ಡರ್ ಬಸಣ್ಣ ಸಿಂಧನೂರು ಕಡೆಯವನು, ಕುಡಿಯುತ್ತಿರಲಿಲ್ಲ, ಎಲ್ಲ ಕಡೆಯೂ ಸೋಡಾ. ಅವನ ಹೆಂಡತಿಗೆ ಆಗ ಏಳು ತಿಂಗಳು. ಅತ್ತಿಬೆಲೆಯ ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದಳು. ನಾವು ಕುಂಕುಮ ಇಟ್ಟರೆ ಬಸಣ್ಣ ವಿಭೂತಿ ಹಚ್ಚುತ್ತಿದ್ದ. ಅವನ ಬಲಗೈಯ ನಡುಬೆರಳಿನ ತುದಿ ಹಿಂದೆಂದೋ ಕಟಿಂಗ್ ಮೆಷಿನ್ನಿಗೆ ಹೋಗಿತ್ತು. ಹಾಗಾಗಿ ಅವನೆಳೆದ ಮೂರು ಗೆರೆಗಳಲ್ಲಿ ನಡುವಿನದು ಅರ್ಧಕ್ಕೇ ನಿಲ್ಲುತ್ತಿತ್ತು.

ಮೊದಲನೆಯ ಬಾರಿನಲ್ಲಿ ಎಲ್ಲ ಎಂದಿನಂತೆಯೇ ನಡೆಯಿತು. ಎರಡನೆಯದರ ಬಾಗಿಲಿಗೆ ಕಾಲಿಡುತ್ತಲೇ ಕ್ಯಾಶಿಯರ್ ನಕ್ಕ.

"ಏನ್ ಸಾರ್, ಮತ್ತೆ ಬಂದ್ಬಿಟ್ರಿ? ಏನಾದ್ರೂ ಮರ್ತೋದ್ರಾ?"

"ಈಗ್ತಾನೇ ಬರ್ತಿದೀವಲ್ಲಪ್ಪ," ಎಂದೆ.

"ಹಬ್ಬ ಜೋರಾಗೈತೆ ಬಿಡಣ್ಣ ಇವ್ರಿಗೆ," ಎಂದು ಮುನಿರಾಜು ಕಣ್ಣು ಹೊಡೆದ.

ಕೌಂಟರಿನ ಅಂಚಿನಲ್ಲಿ ಕುಂಕುಮ ಇತ್ತು. ಪಕ್ಕದಲ್ಲಿ ವಿಭೂತಿಯ ಮೂರು ಗೆರೆ. ಮಾಲೀಕರೇ ಪೂಜೆ ಮಾಡಿರಬೇಕು ಎಂದುಕೊಂಡು ನಮ್ಮದನ್ನೂ ಪಕ್ಕಕ್ಕೆ ಇಟ್ಟು, ಕುಡಿದು ಹೊರಟೆವು. ಗೆರೆಗಳನ್ನು ಆಗ ಸರಿಯಾಗಿ ನೋಡಲಿಲ್ಲ.

ಮೂರನೆಯದರಲ್ಲಿ ನೋಡಿದೆ. ಅಲ್ಲಿಯೂ ಸಪ್ಲೈಯರ್ ಅದೇ ಮಾತು ಹೇಳಿದ. ನಾಲ್ಕೂ ಜನ ಬಂದು ಕುಡಿದು ಹತ್ತು ನಿಮಿಷ ಆಯಿತಂತೆ. ಮೂಲೆಯ ಟೇಬಲ್ಲಿನ ಮೇಲೆ ಮೂರು ಖಾಲಿ ಗ್ಲಾಸು, ಒಂದು ಸೋಡಾ ಬಾಟಲಿ ಇನ್ನೂ ಇದ್ದವು. ಕೌಂಟರಿನ ಮೇಲಿನ ವಿಭೂತಿ ಪೂರ್ತಿ ಒಣಗಿರಲಿಲ್ಲ. ನಡುವಿನ ಗೆರೆ ಅರ್ಧಕ್ಕೇ ನಿಂತಿತ್ತು. ನಾನು ಬಸಣ್ಣನ ಮುಖ ನೋಡಿದೆ. ಅವನು ತನ್ನ ಬೆರಳು ನೋಡಿಕೊಂಡ.

"ಸಾಹೇಬ್ರ, ನಾ ಇಲ್ಲಿಂದ್ಲೇ ಹೊಕ್ಕೀನ್ರಿ," ಎಂದ. "ಆಕಿ ಒಬ್ಬಾಕಿ ಅದಾಳ. ಶೆಡ್ಡಿಗೆ ಹೋಗಿ ಗಾಡಿ ತಗೊಂಡು ಹೊಕ್ಕೀನಿ."

ನಾನು ಬಿಡಲಿಲ್ಲ. ಅವನ ಮೇಲಿನ ಕಾಳಜಿಯಿಂದಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಮೊದಲು ಹೇಳಿದ ದೊಡ್ಡ ಆರ್ಡರು ಐದನೆಯ ಬಾರಿನದು. ಅದರ ಮಾಲೀಕರು ವೆಲ್ಡಿಂಗಿನ ಬಗ್ಗೆ ಕೆದಕಿ ಕೆದಕಿ ಪ್ರಶ್ನೆ ಕೇಳುವವರು, ಉತ್ತರ ಹೇಳಲು ಬಸಣ್ಣ ಬೇಕಿತ್ತು. ಇನ್ನು ಎರಡೇ ಕಣೋ, ಒಂದು ಗಂಟೆ, ಎಂದು ಭುಜದ ಮೇಲೆ ಕೈಹಾಕಿ ಎಳೆದುಕೊಂಡು ಹೋದೆ.

ದಾರಿಯುದ್ದಕ್ಕೂ ಫ್ಯಾಕ್ಟರಿ ಗೇಟುಗಳ ಮುಂದೆ ಒಡೆದ ಬೂದುಗುಂಬಳದ ಚೂರುಗಳು, ಕುಂಕುಮ ಕಲಸಿದ ನೀರು. ನಮ್ಮ ಕಣ್ಣೆದುರಿಗೇ ಒಂದು ಬೈಕು ಅದರ ಮೇಲೆ ಹತ್ತಿ ಜಾರಿತು. ಸವಾರ ಎದ್ದು ಪ್ಯಾಂಟು ಒರೆಸಿಕೊಂಡು ಹೋದ.

ನಾಲ್ಕನೆಯ ಬಾರಿನಲ್ಲಿ ನಾನು ಮೊದಲು ಕೌಂಟರನ್ನೇ ನೋಡಿದೆ. ಕುಂಕುಮ ಇತ್ತು. ವಿಭೂತಿ ಇರಲಿಲ್ಲ. ಒಂಥರಾ ನಿರಾಳ ಎನಿಸಿತು. ಆಗ ಕ್ಯಾಶಿಯರ್ ತಲೆ ಎತ್ತಿದ.

"ಓ, ಇಬೂತಿ ಅಣ್ಣನೂ ಬಂದ್ರಾ? ಮನೆಗ್ ಹೋದ ಅಂದ್ರಲ್ಲ ಸಾರ್?"

"ಯಾರು ಅಂದಿದ್ದು?"

"ನೀವೇ ಸಾರ್. ಕಾಲು ಗಂಟೆ ಆಯ್ತಷ್ಟೆ, ನೀವು ಮೂರೇ ಜನ ಬಂದಿದ್ರಿ. ಅಣ್ಣ ಎಲ್ಲಿ ಅಂದೆ. ಹೆಂಡ್ತಿ ಒಬ್ಳೇ ಇದಾಳೆ, ಗಾಡಿ ತಗೊಂಡು ಹೋದ ಅಂದ್ರಿ."

ಸೆಲ್ವಂ ಗ್ಲಾಸು ಮುಟ್ಟದೆ ಹೊರಗೆ ಹೋಗಿ ನಿಂತ. ನಮಗಿಂತ ಸ್ವಲ್ಪ ಮುಂದೆ ನಾವೇ ಹೋಗುತ್ತಿದ್ದೇವೆ, ಮತ್ತು ಅವರು ಬಸಣ್ಣನನ್ನು ಮೂರನೆಯ ಬಾರಿನಿಂದಲೇ ಕಳಿಸಿಬಿಟ್ಟಿದ್ದಾರೆ ಎಂಬ ಯೋಚನೆ ಬಂತು. ಕುಡಿದ ತಲೆಗೆ ಇಂಥವೆಲ್ಲ ಬರುತ್ತವೆ ಎನ್ನುವಿರಿ. ಅಲ್ಲಿಯವರೆಗೆ ನನ್ನ ಹೊಟ್ಟೆಗೆ ಹೋದದ್ದು ಮೂರು ಗ್ಲಾಸು ಬಿಯರು. ಅಷ್ಟಕ್ಕೆಲ್ಲ ತಲೆ ಕೆಡುವ ಆಸಾಮಿ ನಾನಲ್ಲ.

ಐದನೆಯದಕ್ಕೆ ಹೋಗುವುದು ಬೇಡ ಎಂದೆ. ಶೆಡ್ಡಿಗೆ ವಾಪಸು ಬಂದೆವು. ಬಸಣ್ಣ ಬೈಕು ಹೊರಗೆ ತಳ್ಳುತ್ತಿದ್ದಂತೆ, ದಾರಿಯಲ್ಲಿ ಜಾರಿದ ಬೈಕು ನೆನಪಾಗಿ, ನಾನು ಕೀ ಕಿತ್ತು ಜೇಬಿಗೆ ಹಾಕಿಕೊಂಡೆ.

"ಕುಡದವ್ರು ನೀವು, ಕೀಲಿ ನಂದು ಕಸ್ಕೋತೀರಿ. ಇದ್ಯಾವ ನ್ಯಾಯ್ರಿ ಸಾಹೇಬ್ರ?"

"ಇವತ್ತು ಬಸ್ಸಿಗೆ ಹೋಗು. ಮುನಿರಾಜು ನಿನ್ನ ಜೊತೆ ಬರ್ತಾನೆ."

"ಯಾಕ್ರಿ? ಹೇಳ್ರಿ ಯಾಕಂತ."

ಅವನು ಕೈ ಚಾಚಿ ನಿಂತ, ನಾನು ಜೇಬಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ನಾಳೆಯಿಂದ ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ಹೇಳಿ ನಡೆದ. ನಾನೂ ಹಿಂದೆಯೇ ಸ್ಟಾಪಿನವರೆಗೆ ಹೋಗಿ, ಇಬ್ಬರೂ ಬಸ್ಸು ಹತ್ತುವುದನ್ನು ಕಣ್ಣಾರೆ ನೋಡಿದೆ. ಆಗ ಆರೂವರೆ. ಏಳೂಕಾಲಿಗೆ ಮುನಿರಾಜು ಫೋನು ಮಾಡಿದ: "ತಲುಪ್ದೊ ಅಣ್ಣ. ಅಕ್ಕ ಕಾಫಿ ಕೊಟ್ರು. ಇವ್ನು ಇನ್ನೂ ನಿಮ್ಮನ್ನ ಬೈತಾ ಅವ್ನೆ."

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲು ಐದನೆಯ ಬಾರಿಗೆ ಹೋದೆ. ಅದರ ಮಾಲೀಕರು ವಯಸ್ಸಾದವರು, ಸ್ವತಃ ಕುಡಿಯುವುದಿಲ್ಲ, ತಮಾಷೆಯ ಮನುಷ್ಯರಂತೂ ಅಲ್ಲ. ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ.

"ನಿನ್ನೆ ಬರೋಕಾಗ್ಲಿಲ್ಲ ಸಾರ್," ಎಂದು ಶುರು ಮಾಡಿದೆ.

"ಬರಲಿಲ್ವಾ?" ಎಂದರು. "ಆರೂವರೆಗೆ ಮೂರು ಜನ ಬಂದು ಇಲ್ಲೇ ಕೂತ್ರಿ. ತುಂಬಿದ ಗ್ಲಾಸು ಮುಂದಿತ್ತು. ನಿಮಗೊಂದು ಫೋನ್ ಬಂತು. ಕೇಳಿಸ್ಕೊಂಡ್ರಿ, ಒಂದು ಮಾತೂ ಹೇಳದೆ ಮೂವರೂ ಎದ್ದು ಓಡಿದ್ರಿ. ಕೌಂಟರಿಗೆ ಕುಂಕುಮ ಕೂಡ ಇಡ್ಲಿಲ್ಲ. ಹಬ್ಬದ ದಿನ ನನ್ನ ಅಂಗಡಿಯಲ್ಲಿ ಹಾಗೆ ಮಾಡೋದಾ?"

ಕೌಂಟರು ನೋಡಿದೆ. ಬರೀ ಸ್ಟೀಲು ಹೊಳೆಯುತ್ತಿತ್ತು. ಕೆಲಸವನ್ನು ಅವರು ಬೇರೆಯವರಿಗೆ ಕೊಟ್ಟರು. ನಾನು ವಾದ ಮಾಡಲಿಲ್ಲ. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಎದ್ದು ಬಂದದ್ದು ಅದೊಂದೇ ಸಲ.

ಹೊರಗೆ ಬಂದು ಫೋನು ತೆಗೆದು ನೋಡಿದೆ. ಆರೂವರೆಗೆ ನನಗೆ ಯಾವ ಕರೆಯೂ ಬಂದಿರಲಿಲ್ಲ. ಆಮೇಲೆ ನನ್ನ ಕೈಲಾದಷ್ಟು ವಿಚಾರಿಸಿದ್ದೇನೆ. ಬಾರಿನವರೆಲ್ಲ ಮಾತಾಡಿಕೊಂಡು ಆಟ ಆಡಿಸಿದರೇ? ಅವರು ಒಬ್ಬರ ಮುಖ ಒಬ್ಬರು ನೋಡದವರು. ನಮ್ಮಂಥ ಬೇರೆ ಗುಂಪೇನಾದರೂ ಇತ್ತೇ? ಇದ್ದರೂ ಆ ಅರ್ಧ ಗೆರೆಯನ್ನು ಎಳೆಯಲು ಅವರಿಗೆ ಅಂಥದ್ದೇ ಬೆರಳು ಬೇಕಿತ್ತು. ಅವತ್ತು ಬಸಣ್ಣನಿಗೆ ಏನಾದರೂ ಆಗುವುದಿತ್ತೇ, ಅದು ತಪ್ಪಿತೇ, ಅಥವಾ ಬೇರೆಲ್ಲಿಯೋ ಆಗಿಯೇ ಹೋಯಿತೇ, ನನಗೆ ಗೊತ್ತಿಲ್ಲ. ಬಸಣ್ಣ ಕೆಲಸ ಬಿಡಲಿಲ್ಲ. ಮಗಳು ಹುಟ್ಟಿ ಕೆಲವು ವರ್ಷಗಳಾದ ಮೇಲೆ ಸ್ವಂತ ಶೆಡ್ಡು ಹಾಕಿದ. ಐದನೆಯ ಬಾರಿನ ವಿಷಯವನ್ನು ನಾನು ಅವನಿಗೆ ಹೇಳಿಲ್ಲ. ಇವತ್ತಿಗೂ ನಾಲ್ಕು ಜನರ ಮುಂದೆ, "ನಮ್ಮ ಸಾಹೇಬ್ರು ಕುಡದ್ರ ಕೀಲಿ ಕಸ್ಕೋತಾರ" ಎಂದು ಹಂಗಿಸುತ್ತಾನೆ.

ಓದುವ ನಿಮಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಹಬ್ಬದಲ್ಲಿ ಕುಂಬಳಕಾಯಿ ಒಡೆದರೆ ಚೂರುಗಳನ್ನು ರಸ್ತೆಯಲ್ಲಿ ಬಿಡಬೇಡಿ, ನೀವೇ ಬಗ್ಗಿ ಬದಿಗೆ ಹಾಕಿ. ಹೊರಟವರೊಬ್ಬರನ್ನು ತಡೆಯಬೇಕು ಎಂದು ಒಳಗೆ ಅನಿಸಿದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಮೊದಲು ಕೀ ತೆಗೆದುಕೊಳ್ಳಿ. ಹೆಚ್ಚೆಂದರೆ ಬೈಯುತ್ತಾರೆ, ಬೈಸಿಕೊಳ್ಳಿ. ಬೈಯಲು ಮನುಷ್ಯ ಇರುತ್ತಾನಲ್ಲ, ಅಷ್ಟು ಸಾಕು.