ಸಾಹೇಬರು ತಲೆ ಎಣಿಸಲು ಬಂದಾಗ

ಗೆಳತಿಯರೇ, ಈ ಹಾಳೆಯ ಸೊಟ್ಟ ಅಕ್ಷರ, ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿರಿ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು.

ನಾನು ಕಸ ಗುಡಿಸುವ ಖಾನಾಪುರದ ಕಾಲೇಜಿಗೆ ಇಂದು ಮುಂಜಾನೆ ಬೆಳಗಾವಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು, ವಿಜ್ಞಾನದ ಕ್ಲಾಸಿನ ತಲೆ ಎಣಿಸಲು. ಸರಕಾರ ಗೊತ್ತುಮಾಡಿದ ಸಂಖ್ಯೆಗಿಂತ ಒಂದು ತಲೆ ಕಡಿಮೆಯಾದರೂ ಸರಕಾರದ ಗ್ರ್ಯಾಂಟ್ ನಿಲ್ಲುತ್ತದೆ. ಆಮೇಲೆ ಕ್ಲಾಸು ಡೊನೇಶನ್ ಕೇಳುವ ಖಾಸಗಿ ಸಂಸ್ಥೆಯ ಪಾಲು. ನನ್ನ ಕೆಲಸವೂ ಹೋದಂತೆಯೇ. ಲೋಂಡಾದ ಹುಡುಗಿಯೊಬ್ಬಳು ಜ್ವರವೆಂದು ಬಂದಿರಲಿಲ್ಲ. ಪ್ರಿನ್ಸಿಪಾಲರು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡು, "ಅಕಿ ಜಾಗಾದಾಗ ಕುಂದರವ್ವಾ. ಬಾಯಿ ಮಾತ್ರ ತೆಗೀಬ್ಯಾಡ," ಎಂದರು.

ಕುಳಿತೆ. ಸಾಹೇಬರು ಒಳಗೆ ಬಂದರು, ಎಲ್ಲರೂ ಎದ್ದು ನಿಂತರು. ನಾನು ಮಾತ್ರ ರೂಢಿಯಂತೆ ಓಡಿಹೋಗಿ, ಸೆರಗಿನಿಂದ ಕುರ್ಚಿ ಒರೆಸಿ, "ಕುಂದರ್ರಿ ಸಾಹೇಬ್ರ, ನೀರ ತರ್ತೀನಿ," ಎಂದುಬಿಟ್ಟೆ!

"ಸತ್ತಿವಿ ತಗೋ," ಎಂದು ಹಿಂದಿನ ಬೆಂಚಿನವಳು ಪಿಸುಗುಟ್ಟಿದಳು.

ಸಾಹೇಬರು ನನ್ನನ್ನೂ ಪ್ರಿನ್ಸಿಪಾಲರನ್ನೂ ನೋಡಿದರು. "ನಿಮ್ಮ ಕಾಲೇಜಿನ ಹುಡುಗ್ಯಾರು ಭಾಳ ಶಿಸ್ತಿನವ್ರು ಅದಾರ ಬಿಡ್ರಿ," ಎಂದು ನಕ್ಕು, ಪೆನ್ಸಿಲ್ ತೆಗೆದರು. ಬೆಂಚಿಗೆ ಹೋಗಲೋ ಬಾಗಿಲಿಗೆ ಹೋಗಲೋ ತಿಳಿಯದೆ ನಾನು ನಡುವೆಯೇ ನಿಂತೆ. ಅವರು ಎಣಿಸಿದರು.

ನಾನು ಲೆಕ್ಕದಲ್ಲಿ ಇದ್ದೇನೋ ಇಲ್ಲವೋ, ವರದಿ ಬಂದ ಮೇಲೆಯೇ ಗೊತ್ತಾಗಬೇಕು. ಸಾಹೇಬರ ಜೀಪು ಹೋದ ಕೂಡಲೇ ನಾನು ಕೂತಿದ್ದ ಬೆಂಚನ್ನು ನಾನೇ ಎರಡು ಸಲ ಒರೆಸಿದೆ.